ಗೇಟಿನ ಒಳಗೆ ಸರ್, ಹೊರಗೆ ಮಾವ

ಅಕ್ಕನ ಮಗಳನ್ನು ಮಹಿಳಾ ಹಾಕಿ ತಂಡಕ್ಕೆ ಸೇರಿಸಿಕೊಂಡ ದಿನವೇ ಮ್ಯಾನೇಜರ್ ಒಂದು ಕಾನೂನು ಮಾಡಿದ್ದರು. ಮೈದಾನದ ಗೇಟಿನ ಒಳಗೆ ತಾನು ಸರ್, ಗೇಟು ದಾಟಿದರೆ ಮಾವ. ತಪ್ಪಿ ಕರೆದರೆ ಮೈದಾನಕ್ಕೆ ಒಂದು ಸುತ್ತು ಓಟ. ಮೊದಲ ವರ್ಷ ಹುಡುಗಿ ಓಡಿದ್ದೇ ಓಡಿದ್ದು. ಒಂದು ಸಲ ಮ್ಯಾನೇಜರೇ ಬಾಯಿತಪ್ಪಿ ಮನೆಯ ಹೆಸರು ಹಿಡಿದು “ಪುಟ್ಟಿ” ಎಂದುಬಿಟ್ಟರು. ಇಡೀ ತಂಡ ಕೇಕೆ ಹಾಕುತ್ತಿದ್ದರೆ ಅವರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಹೊಟ್ಟೆ ಕುಣಿಸುತ್ತ ಒಂದು ಸುತ್ತು ಓಡಿ ಬಂದರು. ತನ್ನವರೆಂದು ಕೂದಲೆಳೆಯಷ್ಟೂ ಪಕ್ಷಪಾತ ಮಾಡದ ಮನುಷ್ಯ ಎಂದು ಎಲ್ಲರೂ ಹೊಗಳಿದರು. ಹೊಗಳಿಸಿಕೊಂಡವನಿಗೆ ಆಮೇಲೆ ಆ ಹೊಗಳಿಕೆಗೆ ತಕ್ಕಂತೆ ಬದುಕುವ ಕಷ್ಟ ಒಂದಿರುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಪುಟ್ಟಿ ಈಗ ಪುಟ್ಟಿಯಾಗಿ ಉಳಿದಿಲ್ಲ. ಮೂವತ್ತು ದಾಟಿದ್ದಾಳೆ. ತಂಡದಲ್ಲಿ ಅವಳ ಹೆಸರು ಗೋಡೆ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಒಬ್ಬಳು ಗೋಲಿನ ಪಕ್ಕದ ಗೆರೆಯಿಂದ ಚೆಂಡನ್ನು ಜೋರಾಗಿ ತಳ್ಳುತ್ತಾಳೆ. ದೂರದಲ್ಲಿ ಇನ್ನೊಬ್ಬಳು ಬಗ್ಗಿ, ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ, ಅದನ್ನು ಅಲ್ಲಾಡದಂತೆ ನಿಲ್ಲಿಸುತ್ತಾಳೆ. ಮೂರನೆಯವಳು ಗೋಲಿಗೆ ಹೊಡೆಯುತ್ತಾಳೆ. ಪೇಪರಿನಲ್ಲಿ ಫೋಟೊ ಬರುವುದು ಮೂರನೆಯವಳದು. ನಿಲ್ಲಿಸುವವಳಿಗೆ ದಕ್ಕುವುದು ತರಚಿದ ಬೆರಳು. ಗೋಡೆ ವರ್ಷಗಟ್ಟಲೆ ಆ ಬೆರಳುಗಳನ್ನೇ ಹೊತ್ತುಕೊಂಡು ಬಂದವಳು.

ತಂಡ ಎರಡು ವರ್ಷದಿಂದ ಪಟ್ಟಿಯ ತಳ ಹಿಡಿದಿತ್ತು. ಕ್ಲಬ್ಬಿನ ಸಮಿತಿಯ ಅಧ್ಯಕ್ಷರು ಬಿಳಿ ಬೋರ್ಡಿನ ಮೇಲೆ ಬಾಣದ ಗುರುತುಗಳನ್ನು ಎಳೆದು, ತಂಡವನ್ನು ಬುಡದಿಂದ ಕಟ್ಟಬೇಕು ಎಂದರು. ಹಳಬರನ್ನು ಒಬ್ಬೊಬ್ಬರನ್ನಾಗಿ ಬಿಡುವುದು, ಅವರ ಜಾಗಕ್ಕೆ ಎಳೆಯರನ್ನು ಈಗಿನಿಂದಲೇ ತಯಾರು ಮಾಡುವುದು. ಮಾತು ಸರಿಯಾಗಿಯೇ ಇತ್ತು. ಆದರೆ ಮನೆ ಕೆಡವಿ ಕಟ್ಟುವವರಿಗೆ ಒಂದು ಸುಖವಿದೆ, ಕಿತ್ತ ಇಟ್ಟಿಗೆ ತಿರುಗಿ ಮುಖ ನೋಡುವುದಿಲ್ಲ.

ಗೋಡೆಯ ಹೆಸರು ಬಂದಾಗ ಎಲ್ಲರೂ ಮ್ಯಾನೇಜರ್ ಕಡೆ ನೋಡಿದರು. ಅವಳ ಮಂಡಿ ಸೋತಿರುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳನ್ನು ಬಿಡೋಣ ಎಂದು ಮೊದಲು ಕೈ ಎತ್ತಿದವರೂ ಅವರೇ.

“ಅವಳಿಗೆ ನೀವೇ ಹೇಳ್ತೀರಲ್ಲ?” ಎಂದರು ಅಧ್ಯಕ್ಷರು.

“ನಾನೇ ಹೇಳ್ತೀನಿ. ಮನೆ ಮಗು ಅದು.”

ಹೇಳಲಿಕ್ಕೆಂದೇ ಅಕ್ಕನ ಮನೆಗೆ ಹೋದರು. ಟೀ ಕುಡಿದರು, ಸೋರುವ ನಲ್ಲಿಯ ಬಗ್ಗೆ ಮಾತಾಡಿದರು, ಬಂದರು. ಇನ್ನೊಮ್ಮೆ ಹೋಗಿ ಆ ನಲ್ಲಿಯನ್ನು ರಿಪೇರಿಯೇ ಮಾಡಿಕೊಟ್ಟು ಬಂದರು. ಮಾತು ಮಾತ್ರ ಬಾಯಲ್ಲಿಟ್ಟ ಬಿಸಿ ತುಪ್ಪದ ಹಾಗೆ, ಉಗುಳಲೂ ಆಗದು, ನುಂಗಲೂ ಆಗದು. ಹೀಗಿರುವಾಗ ಹಾವೂ ಸಾಯದ, ಕೋಲೂ ಮುರಿಯದ ಒಂದು ಉಪಾಯ ಅವರಿಗೆ ಹೊಳೆಯಿತು. ಇಂಥ ಉಪಾಯಗಳು ಹೊಳೆಯುವುದು ಯಾವಾಗಲೂ ಹೇಡಿಗಳಿಗೇ.

ಬೇರೆ ಕ್ಲಬ್ಬಿನಿಂದ ಕರೆತಂದ ಹೊಸ ಹುಡುಗಿಯನ್ನು ಗೋಡೆಯ ಮುಂದೆ ನಿಲ್ಲಿಸಿದರು. “ನಿನ್ನ ಕೆಲಸ ಇವಳಿಗೂ ಸ್ವಲ್ಪ ಕಲಿಸು. ನಿಂಗೆ ಜೊತೆಗಿರ್ಲಿ, ಮಂಡಿಗೂ ಒಂಚೂರು ಬಿಡುವು ಸಿಗುತ್ತೆ,” ಎಂದರು.

ಹೊಸ ಹುಡುಗಿಗೆ ನಿಜ ಗೊತ್ತಿತ್ತು. ತಂಡದಲ್ಲಿ ಗೋಡೆಯ ಜಾಗವನ್ನೇ ಖಾಯಂ ಆಗಿ ಕೊಡುತ್ತೇವೆ ಎಂದು ಹೇಳಿಯೇ ಅವಳನ್ನು ಕರೆತಂದದ್ದು. “ಗೋಡೆ ಅಕ್ಕಂಗೆ ನೀನೇನೂ ಹೇಳೋಕೆ ಹೋಗ್ಬೇಡ. ನಾನೇ ಸಮಯ ನೋಡಿ ಹೇಳ್ತೀನಿ,” ಎಂದು ಮ್ಯಾನೇಜರ್ ಅವಳ ಬಾಯಿಗೂ ಬೀಗ ಹಾಕಿದ್ದರು.

ಗೋಡೆ ಕಲಿಸಲು ನಿಂತಳು. ಕೆಲವರು ಕಲಿಸುವಾಗ ಒಂದು ಮುಷ್ಟಿ ತಮಗೆಂದು ಉಳಿಸಿಕೊಳ್ಳುತ್ತಾರೆ. ಇವಳಿಗೆ ಆ ಬುದ್ಧಿಯೇ ಇಲ್ಲ. ದಿನಾ ಬೆಳಿಗ್ಗೆ ಉಳಿದವರು ಬರುವ ಮುಂಚೆ ಹುಡುಗಿಯನ್ನು ಟರ್ಫ್ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದಳು.

“ಚೆಂಡಿನ ಮೇಲೆ ಬೀಳ್ಬೇಡ ಕಣೇ. ಅದು ಬರ್ತಾ ಇದೆ, ಬರ್ಲಿ ಬಿಡು. ಮನೆಗೆ ನೆಂಟರು ಬಂದ ಹಾಗೆ ಬರಮಾಡ್ಕೋ. ಕೈ ಸಡಿಲ ಬಿಡು. ಗಟ್ಟಿ ಹಿಡಿದ್ರೆ ಪುಟಿದು ಓಡಿಹೋಗುತ್ತೆ.”

ತಂಡದವರು ಆಗಲೇ ಹುಡುಗಿಗೆ ಮರಿಗೋಡೆ ಎಂದು ಹೆಸರಿಟ್ಟಿದ್ದರು. ಮರಿಗೋಡೆಯ ಕೈ ಮಾತ್ರ ಸಡಿಲವಾಗಲಿಲ್ಲ. ಬಂದ ದಿನ ಚೆನ್ನಾಗಿ ನಿಲ್ಲಿಸುತ್ತಿದ್ದವಳು ದಿನದಿಂದ ದಿನಕ್ಕೆ ಕೆಡುತ್ತ ಹೋದಳು. ಚೆಂಡು ಸ್ಟಿಕ್ಕಿಗೆ ಬಡಿದು ಎಲ್ಲೆಲ್ಲಿಗೋ ಚಿಮ್ಮುತ್ತಿತ್ತು. ಗೋಡೆ ನೀರಿನ ಬಾಟಲಿ ಕೊಟ್ಟರೆ ಅವಳು ತಲೆ ಎತ್ತದೆ ಕುಡಿಯುತ್ತಿದ್ದಳು. ಮ್ಯಾನೇಜರ್ ಕಚೇರಿಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಗೋಡೆ ಇತ್ತ ತಿರುಗಿ ಕೈ ಬೀಸಿದರೆ ಫೋನು ಬಂದವರಂತೆ ಕಿವಿಗೆ ಹಿಡಿದುಕೊಳ್ಳುತ್ತಿದ್ದರು. ಫೋನು ಬಂದಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗೋಡೆ ಕಚೇರಿಗೆ ಬಂದು ಬಾಗಿಲು ಮುಂದೆ ಮಾಡಿದಳು. ಗೊತ್ತಾಗಿಹೋಯಿತು ಎಂದು ಮ್ಯಾನೇಜರ್ ಹೆದರಿದರು. ಒಂದು ಕಡೆ ಸಮಾಧಾನವೂ ಆಯಿತು.

“ಸರ್, ಮರಿಗೋಡೆ ವಿಷಯ. ಅವಳನ್ನ ಬಿಟ್ಬಿಡೋಕೆ ನೋಡ್ತಿದ್ದೀರಾ?”

“ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ಹೊಸಬ್ರು ಸರಿಯಾಗಿ ಆಡದಿದ್ರೆ ಇಲ್ಲಿ ಏನಾಗುತ್ತೆ ಅಂತ ನಂಗೊತ್ತಿಲ್ವಾ? ಒಳ್ಳೇ ಕೈ ಸರ್ ಅವಳದ್ದು. ಏನೋ ಹೆದರಿಕೆ ಹೊಕ್ಕಿದೆ ಒಳಗೆ, ಕೇಳಿದ್ರೆ ಬಾಯೇ ಬಿಡಲ್ಲ. ಒಂದೆರಡು ಮ್ಯಾಚ್ ನನ್ನ ಜಾಗದಲ್ಲಿ ಅವಳನ್ನೇ ಆಡ್ಸಿ. ನಾನು ಹೊರಗೆ ಕೂತ್ಕೋತೀನಿ. ಧೈರ್ಯ ಬಂದ್ರೆ ಸರಿಹೋಗ್ತಾಳೆ.”

ಈಗಲಾದರೂ ಹೇಳಬಹುದಿತ್ತು. ಕುರ್ಚಿ ಎಳೆದು, ಕೂತ್ಕೋ ಎಂದು, ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತ್ತು. ಮ್ಯಾನೇಜರ್ ಗಲ್ಲ ಕೆರೆದುಕೊಂಡರು. ಬಹಳ ಯೋಚಿಸುವವರಂತೆ ಫ್ಯಾನಿನ ಕಡೆ ನೋಡಿದರು.

“ಸರಿ, ನೀನು ಇಷ್ಟು ಹೇಳ್ತೀಯ ಅಂದ್ಮೇಲೆ ಆಗ್ಲಿ,” ಎಂದರು. ದೊಡ್ಡ ಉಪಕಾರ ಮಾಡುವವರ ದನಿಯಲ್ಲಿ!

“ಥ್ಯಾಂಕ್ಸ್ ಸರ್,” ಎಂದು ಅವಳು ಕುಂಟುತ್ತ ಹೊರಗೆ ಹೋದಳು. ಮ್ಯಾನೇಜರಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಸಹ್ಯವಾಯಿತೆಂದು ಕೆಲಸವೇನೂ ನಿಲ್ಲಲಿಲ್ಲ. ಸಂಜೆಯ ಸಭೆಯಲ್ಲಿ, ಎಳೆಯರಿಗಾಗಿ ಅವಳು ತಾನಾಗಿಯೇ ಜಾಗ ಬಿಟ್ಟುಕೊಡುತ್ತಿದ್ದಾಳೆ ಎಂದು ವರದಿ ಒಪ್ಪಿಸಿದರು. ಒಂದೆರಡು ಮ್ಯಾಚಿಗೆ ಮಾತ್ರ ಎಂದು ಅವಳು ಹೇಳಿದ್ದನ್ನು ಬಿಟ್ಟುಬಿಟ್ಟರು. ಅಧ್ಯಕ್ಷರು ಹಿಗ್ಗಿಹೋದರು. ಇಂಥ ಆಟಗಾರ್ತಿಗೆ ನಾಳೆಯೇ ಎಲ್ಲರೆದುರು ಗೌರವ ಮಾಡಬೇಕು ಎಂದರು. ಮ್ಯಾನೇಜರ್ ಬೇಡವೆನ್ನಲು ಬಾಯಿ ತೆರೆದರು. ಯಾಕೆ ಬೇಡ ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲವಾದ್ದರಿಂದ ಮುಚ್ಚಿದರು.

ಮಾರನೆಯ ದಿನ ಅಭ್ಯಾಸ ಮುಗಿದ ಮೇಲೆ ತಂಡವನ್ನೆಲ್ಲ ಡ್ರೆಸ್ಸಿಂಗ್ ರೂಮಿನಲ್ಲಿ ಸೇರಿಸಿದರು. ಬೆವರಿನ ವಾಸನೆಯ ನಡುವೆ ಅಧ್ಯಕ್ಷರು ಒಂದು ಹೂಗುಚ್ಛ ಹಿಡಿದು ನಿಂತಿದ್ದರು. ತ್ಯಾಗ ಎಂದರು, ಮಾದರಿ ಎಂದರು. “ಕಿರಿಯರಿಗೆ ದಾರಿ ಮಾಡಿಕೊಟ್ಟು, ಸ್ವಂತ ಇಚ್ಛೆಯಿಂದ ಆಟಕ್ಕೆ ವಿದಾಯ ಹೇಳ್ತಿರೋ ನಮ್ಮ ಗೋಡೆಗೆ ಎಲ್ಲರೂ ಚಪ್ಪಾಳೆ ಹೊಡೀರಿ!”

ಚಪ್ಪಾಳೆ ಬಿತ್ತು. ಗೋಡೆ ಒಂದು ಬೂಟು ಬಿಚ್ಚಿ ಒಂದು ಬೂಟು ಹಾಕಿಕೊಂಡೇ ಎದ್ದು ನಿಂತಿದ್ದಳು. ಮೊದಲು ಅಧ್ಯಕ್ಷರನ್ನು ನೋಡಿದಳು, ಆಮೇಲೆ ಹೂವನ್ನು, ಆಮೇಲೆ ಮ್ಯಾನೇಜರನ್ನು. ಅವರು ನೆಲ ನೋಡುತ್ತಿದ್ದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸುತ್ತಿತ್ತು. ಸಿಮೆಂಟು ನೆಲ, ಅದು ಯಾರ ಮಾತನ್ನೂ ಕೇಳುವುದಿಲ್ಲ.

ಮೂಲೆಯಲ್ಲಿ ಕೂತಿದ್ದ ಮರಿಗೋಡೆ ತಟ್ಟನೆ ಅತ್ತುಬಿಟ್ಟಳು. “ಅಕ್ಕಾ, ನಂಗೆ ಮೊದಲ ದಿನದಿಂದ ಗೊತ್ತಿತ್ತು. ನಿಮ್ಮ ಜಾಗಕ್ಕೇ ನನ್ನ ಕರ್ಕೊಂಡು ಬಂದಿದ್ದು. ಹೇಳ್ಬೇಡ ಅಂದಿದ್ರು ಸರ್.”

ಚಪ್ಪಾಳೆ ಅರ್ಧಕ್ಕೇ ನಿಂತಿತು. ಅಧ್ಯಕ್ಷರು ಹೂಗುಚ್ಛವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

ಗೋಡೆ ಕೂಗಾಡಲಿಲ್ಲ. ಕೂಗಾಡಿದ್ದರೆ ಮ್ಯಾನೇಜರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಒಂದೇ ಬೂಟಿನಲ್ಲಿ ಹುಡುಗಿಯ ಹತ್ತಿರ ಹೋಗಿ ಮುಂದೆ ಕುಕ್ಕರಿಸಿದಳು. ಮಂಡಿ ನೋವಿಗೆ ಮುಖ ಕಿವುಚಿತು.

“ಅದಕ್ಕೇನೇ ನಿನ್ನ ಕೈ ಬಿಗಿಯಾಗ್ತಿದ್ದಿದ್ದು?”

ಹುಡುಗಿ ತಲೆಯಾಡಿಸಿದಳು.

“ಅಯ್ಯೋ ಪೆದ್ದೀ. ಎಲ್ಲಿ ನಂಗೇ ಕಲಿಸೋಕೆ ಬರ್ತಿಲ್ವೇನೋ ಅಂದ್ಕೊಂಡಿದ್ದೆ.” ಎಡಗೈಗೆ ಹಾಕುವ ತನ್ನ ಗ್ಲೌಸನ್ನು ಅವಳ ಮಡಿಲಿಗೆ ಹಾಕಿದಳು. “ನಾಳೆಯಿಂದ ಸಡಿಲ ಆಗುತ್ತೆ ಬಿಡು.”

ಸಂಜೆ ಮ್ಯಾನೇಜರ್ ಅಕ್ಕನ ಮನೆ ಬಾಗಿಲು ತಟ್ಟಿದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಬೈಯಲಿ, ಮಾವ ನೀನು ಹೀಗೆ ಮಾಡಬಹುದಾ ಎಂದು ಮುಖದ ಮೇಲೆ ಉಗಿಯಲಿ, ಕಾಲು ಬೇಕಾದರೂ ಹಿಡಿಯೋಣ ಎಂದುಕೊಂಡಿದ್ದರು.

“ಬಾರೋ, ಈಗ ತಾನೇ ನಿನ್ನ ನೆನೆಸ್ಕೊಂಡೆ. ನಲ್ಲಿ ಮತ್ತೆ ಸೋರ್ತಿದೆ,” ಎಂದರು ಅಕ್ಕ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಪುಟ್ಟಿ ಒಳಗಿನಿಂದ ಟೀ ತಂದಳು. ಕಪ್ಪನ್ನು ಎರಡು ಕೈಯಲ್ಲಿ ಹಿಡಿದು, ಸ್ವಲ್ಪ ಬಗ್ಗಿ, ಮುಂದೆ ಚಾಚಿದಳು.

“ತಗೊಳ್ಳಿ ಸರ್.”

ಅಕ್ಕ ಗೊಳ್ಳೆಂದು ನಕ್ಕರು. “ಇದೇನೇ, ಮನೇಲೂ ಸರ್ರಾ?”

ಮ್ಯಾನೇಜರ್ ಕಪ್ಪು ತೆಗೆದುಕೊಂಡರು. ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. “ಪುಟ್ಟಿ, ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣೇ,” ಎಂದರು.

“ಕೇಳಿದ್ರೆ ಅದನ್ನೂ ಕಲಿಸ್ತಿದ್ದೆ ಸರ್,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಟರ್ಫಿನ ಮೇಲೆ ಮರಿಗೋಡೆಗೆ ಹೇಳುತ್ತಿದ್ದ ದನಿಯೇ ಅದು.

“ನೋಡು, ಮತ್ತೆ ಸರ್! ಕಾನೂನು ತಪ್ಪಿದ್ದಾಳೆ ಕಣೋ, ಒಂದು ಸುತ್ತು ಓಡ್ಸು ಇವಳನ್ನ,” ಅಕ್ಕನ ನಗು ನಿಂತಿರಲಿಲ್ಲ.

“ಇಲ್ಲಮ್ಮ, ಸರಿಯಾಗೇ ಕರೆದಿದ್ದೀನಿ,” ಎಂದು ಪುಟ್ಟಿ ನಲ್ಲಿ ನೋಡಲು ಒಳಗೆ ಹೋದಳು. ಮ್ಯಾನೇಜರ್ ಟೀ ಕಪ್ಪು ಹಿಡಿದುಕೊಂಡು, ಅಕ್ಕ ನಗುತ್ತಿದ್ದ ಕಾರಣಕ್ಕೆ, ತಾವೂ ನಗಬೇಕಾಯಿತು.