ಕಪ್ಪು ಕಿಟಕಿಯೊಳಗಿನ ಪ್ರಾರ್ಥನೆ

ಆಸ್ಪತ್ರೆಯಿಂದ ಸುದ್ದಿ ಬಂದಾಗ, ಪುಸ್ತಕಗಳಿಗೆ ರಟ್ಟು ಕಟ್ಟುವ ಮುದುಕನ ಎರಡೂ ಕೈ ಅಂಟಿನಲ್ಲಿದ್ದವು. ಸೊಸೆಯೇ ಫೋನನ್ನು ಆತನ ಕಿವಿಗೆ ಹಿಡಿದಳು. ಕೇಳಿಸಿಕೊಂಡ ಮೇಲೆ ಆತ ಅರ್ಧ ಅಂಟಿಸಿದ್ದ ಪುಸ್ತಕದ ಬೆನ್ನನ್ನು ಒತ್ತಿ ಹಿಡಿದು ಕೂತ. ಅದು ಒಣಗಿ ಗಟ್ಟಿಯಾದರೂ ಕೈ ತೆಗೆಯಲಿಲ್ಲ.

ತೀರಿಹೋದವಳು ಆತನ ಹೆಂಡತಿ. ಆತ ಕರೆಯುತ್ತಿದ್ದುದು ಗುಬ್ಬಿ ಎಂದೇ. ಅಚ್ಚುಕೂಟದಲ್ಲಿ ಟೈಪ್ ಮಾಡಿ ಪುಟ ಜೋಡಿಸಿ ಜೋಡಿಸಿ ಕೀಲಿಮಣೆಗೆ ಬೆರಳು ಪಳಗಿದ್ದ ಹೆಂಗಸು, ಮೌಸನ್ನು ಮುಟ್ಟುತ್ತಿರಲಿಲ್ಲ. “ಇಲಿ ಹಿಡಿಯೋಕೆ ನಾನೇನು ಬೆಕ್ಕಾ?” ಎನ್ನುತ್ತಿದ್ದಳು. ಮನೆಯ ಕಂಪ್ಯೂಟರಿನಲ್ಲಿ ಆಕೆಯ ಕೆಲಸವೆಲ್ಲ, ಬರೀ ಆಜ್ಞೆಯ ಸಾಲು ಬರೆದು ಕೆಲಸ ಮಾಡಿಸುವ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲೇ. ಆಸ್ಪತ್ರೆ ಸೇರುವ ಮುನ್ನ ತನ್ನ ಬೆಳಗಿನ ಪ್ರಾರ್ಥನೆಯನ್ನು ತನ್ನ ದನಿಯಲ್ಲೇ ಅದರೊಳಗೆ ರೆಕಾರ್ಡ್ ಮಾಡಿಟ್ಟು, ಯಾವ ಸಾಲು ಬರೆದರೆ ಅದು ಕೇಳಿಸುತ್ತದೆಂದು ಗಂಡನಿಗೆ ಕಲಿಸಿದ್ದಳು.

“ನಾನು ಬರೋವರೆಗೂ ತಪ್ಪಿಸಬೇಡಿ ಮತ್ತೆ.”

ಆತ ತಪ್ಪಿಸಿರಲಿಲ್ಲ. ಆಕೆ ಬರಲೇ ಇಲ್ಲ.

ನೆಂಟರೆಲ್ಲ ಹೊರಟುಹೋದ ಮೇಲೆ, ಒಂದು ಬೆಳಿಗ್ಗೆ ಆತ ಮತ್ತೆ ಆ ಸಾಲು ಬರೆದ. ಕಿಟಕಿಯಲ್ಲಿ ಏನೋ ಇಂಗ್ಲಿಷು ಮೂಡಿತೇ ಹೊರತು ದನಿ ಬರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಬರೆದ. ಅದೇ ಉತ್ತರ. ಆ ದನಿಗೆ ಇನ್ನೊಂದು ಪ್ರತಿ ಇರಲಿಲ್ಲ.

ಕರೆದಾಗ ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದು ಓದಿದಳು. “ಅಂಥ ಫೈಲೂ ಇಲ್ಲ, ಫೋಲ್ಡರೂ ಇಲ್ಲ ಅಂತಿದೆ, ಮಾವ.”

“ಇಲ್ಲ ಅಂದ್ರೆ? ಅಳಿಸಿಹೋಯ್ತಾ?”

“ತಾಳಿ, ಹೆದರಬೇಡಿ. ಒಳಗೆ ಏನೇನಿದೆ ಅಂತ ಇದನ್ನೇ ಕೇಳೋಣ.”

ಅವಳು ಎರಡು ಅಕ್ಷರ ಒತ್ತಿದಳು. ಹೆಸರುಗಳು ಸಾಲಾಗಿ ಇಳಿದವು. ಒಂದರ ಮೇಲೆ ಅವಳ ಬೆರಳು ನಿಂತಿತು: ‘ದಿವಂಗತ ಗುಬ್ಬಿ’.

“ಹೀಗೆ ಬರೆದಿದ್ದು ಯಾರು?”

“ನಾನೇ ಕಣಮ್ಮ. ಅವಳ ಪ್ರಾರ್ಥನೆಯ ಫೈಲಿಗೆ ಬರೀ ಗುಬ್ಬಿ ಅಂತಿತ್ತು. ಹೋದವರ ಹೆಸರನ್ನ ಹಾಗೆ ಬಿಡಬಾರದು ಅಂತ... ನಮ್ಮ ಕಸುಬಲ್ಲಿ ಬೆನ್ನಿನ ಚೀಟಿ ಬದಲಾಯಿಸಿದ್ರೆ ಒಳಗಿನ ಪುಸ್ತಕ ಎಲ್ಲೂ ಹೋಗಲ್ಲ.”

“ಇಲ್ಲೂ ಹೋಗಿಲ್ಲ, ಮಾವ. ಅತ್ತೆ ಕೊಟ್ಟ ಸಾಲು ಹಳೇ ಹೆಸರನ್ನೇ ಹುಡುಕ್ತಾ ಇದೆ, ಅಷ್ಟೆ. ದಿವಂಗತ ಅನ್ನೋದನ್ನ ತೆಗೆದ್ರೆ ಆಯ್ತು. ತೆಗೀಲಾ?”

ಮುದುಕ ತೆರೆಯ ಮೇಲಿನ ಹೆಸರನ್ನು ಬೆರಳಿನಿಂದ ಮುಟ್ಟಿದ. ಆ ಒಂದು ಮಾತು ಬರೆಯಲು ಆತನಿಗೆ ಇಡೀ ಒಂದು ಮಧ್ಯಾಹ್ನ ಹಿಡಿದಿತ್ತು.

“ಬೇಡ. ನಾನೇ ತೆಗೀತೀನಿ, ಹೇಳಿಕೊಡು.”

ಗುಬ್ಬಿ ಮತ್ತೆ ಬರೀ ಗುಬ್ಬಿಯಾದಳು.

ಸಾಲು ಬರೆದ. ಮೊದಲು ಕೆಮ್ಮು, ಆಮೇಲೆ ಪ್ರಾರ್ಥನೆ. ನಡುವೆ ಆ ದನಿ, “ರೀ, ಹಾಲು ಉಕ್ತಾ ಇದೆ ನೋಡಿ!” ಎಂದಿತು. ಹಿಂದೆಲ್ಲ ಕೇಳಿ ನಕ್ಕಿದ್ದ ಮಾತೇ ಅದು. ಆದರೂ ಈಗ ಆತ ದಡಬಡಿಸಿ ಎದ್ದು ಅಡುಗೆಮನೆಯ ಬಾಗಿಲವರೆಗೂ ಹೋದ. ಒಲೆ ಆರಿತ್ತು. ಸೊಸೆ ಮುಖ ತಿರುಗಿಸಿಕೊಂಡಳು.

ಬೆನ್ನ ಹಿಂದೆ ಪ್ರಾರ್ಥನೆ ಮುಂದುವರಿದಿತ್ತು. ಆತ ಅಲ್ಲೇ ನಿಂತು ಕೈ ಮುಗಿದ.

“ದೇವರೇ, ಒಂದು ಕಣ್ಣು ಒಲೆ ಮೇಲಿಟ್ಟೇ ಅವಳು ನಿನ್ನನ್ನ ಕರೀತಿದ್ದಳು. ಇನ್ನು ಹಾಲನ್ನ ನಾನು ನೋಡ್ಕೋತೀನಿ. ಅವಳಿಗೆ ನೆಮ್ಮದಿ ಕೊಡು, ತಂದೆ.”