ಕುಳವಾಡಿ ಹೊತ್ತ ಮಣ್ಣು

"ಬಗ್ಗಲಾ ಬೋಳಿಮಗ್ನೆ! ನಿನ್ನೆಂಡ್ರು ಏಣಿ ಹತ್ಕಂಡು ಮಣ್ಣು ಇಕ್ಬೇಕೇನ್ಲಾ?"

ಪಟೇಲ ಕರಿಯಪ್ಪ ಮೆಟ್ಟಿನ ಕಾಲಲ್ಲಿ ಒದ್ದ ಮೇಲೆ ಹೊಲಗೇರಿಯ ಕುಳವಾಡಿ ಮುದ್ದಯ್ಯ ಬಗ್ಗಿದ. ಹೆಂಡತಿ ಚಿಕ್ಕಸಿದ್ದಮ್ಮ ಹಸಿಮಣ್ಣಿನ ಉಂಡೆಯನ್ನು ಅವನ ತಲೆಯ ಮೇಲಿಟ್ಟಳು. ಕೈ ತೆಗೆಯಲು ಮನಸ್ಸು ಬರಲಿಲ್ಲ.

ಎಲ್ಲೆಯ ತಕರಾರು ಬಂದರೆ ಊರಚಾಕರಿಯ ಕುಳವಾಡಿ ಮಣ್ಣು ಹೊತ್ತು ನಡೆಯಬೇಕು. ಅವನು ನಡೆದದ್ದೇ ಗಡಿ. ಸುಳ್ಳು ನಡೆದರೆ ಉಂಡೆ ತಾನಾಗಿ ಬಿರಿಯುತ್ತದೆ, ಹೊತ್ತವನ ವಂಶ ನಿಲ್ಲುವುದಿಲ್ಲ. ಊರೂ ಕೇರಿಯೂ ಇದನ್ನು ನಂಬಿದ್ದವು.

ಈ ಸಲದ ತಕರಾರು ಪಾರ್ಕಿನದು. ಬೇಗೂರಿನ ಕಡೆಯ ಕಾಡು ಕಡಿದು ಮೊದಲು ಊರು ಕಟ್ಟಿದವನು ತನ್ನ ತಾತನೆಂದು ಕರಿಯಪ್ಪ ಕಲ್ಲು ಕೆತ್ತಿಸಿ ನಿಲ್ಲಿಸಿದ್ದ. ಕಲ್ಲಿನ ಸುತ್ತ ಹೂಗಿಡ, ಹುಣಸೂರಿನಿಂದ ತರಿಸಿದ ಕಬ್ಬಿಣದ ಬೆಂಚು. ಮಹಾರಾಜರ ವರ್ಧಂತಿಗೆ ಅದು ತೆರೆಯಬೇಕು. ಆದರೆ ಬೇಲಿ ಸರಿಯುತ್ತ ಸರಿಯುತ್ತ ಕೇರಿಯವರು ಹೆಣ ಹೂಳುವ ಜಾಗಕ್ಕೆ ಬಂದಿತ್ತು. ಗಿಡದ ಗುಂಡಿ ತೋಡುವಾಗ ಚಿಕ್ಕಸಿದ್ದಮ್ಮನ ಗುದ್ದಲಿಗೆ ಯಾರದೋ ಕೈಬಳೆ ಸಿಕ್ಕಿತ್ತು, ಮೂಳೆಯ ಸಮೇತ. ಅದರಾಚೆ ಅವಳ ಮಗಳನ್ನು ಹೂತ ಗುಡ್ಡೆ. ಅದಿನ್ನೂ ತಗ್ಗಿರಲಿಲ್ಲ.

"ಹುಣಸೆಮರದ ಆಚೆಗೆ ಬಳಸ್ಕಂಡು ಬಾ," ಎಂದು ಕರಿಯಪ್ಪ ಮೊದಲೇ ಹೇಳಿದ್ದ. ಆಚೆಗೆ ಬಳಸಿದರೆ ಗುಡ್ಡೆಗಳೆಲ್ಲ ಪಾರ್ಕಿನೊಳಗೆ. "ಈಚೆಗೆ ತಿರುಗ್ದೋ, ಕುಳವಾಡ್ಕೆಗೆ ಬಿಟ್ಟಿರೋ ಹೊಲವೂ ಇಲ್ಲ, ಗುಡಿಸ್ಲೂ ಇಲ್ಲ."

"ಹೇಳ್ದಂಗೇ ನಡಿ ಬುಡ್ಲಾ, ಮಣ್ಣೇ ನಿಜ ಹೇಳ್ತದೆ," ಎಂದಿದ್ದಳು ಕೇರಿಯ ಮುದುಕಿ ರಾಚಮ್ಮ. "ಮರ ಕಡ್ದು ಚಳಿಜ್ವರ್ದಲ್ಲಿ ಸತ್ತೋರು ನಮ್ಮಪ್ಪಂದ್ರು. ಇವನ ತಾತ ಗಾಡೀಲಿ ಕೂತ್ಕಂಡು ಎಲಡ್ಕೆ ಉಗೀತಿದ್ದ. ಸುಳ್ಳು ನಡ್ಸುದ್ರೆ ಭೂಮ್ತಾಯಿ ಸುಮ್ಕಿರ್ತಾಳಾ?"

ಮುದ್ದಯ್ಯ ನಡೆದ. ಬೆಂಚಿನ ಮೇಲೆ ಅಮಲ್ದಾರರು, ಅವರ ಪಕ್ಕದಲ್ಲಿ ದಾಖಲು ಬರೆಯಲು ಶಾನುಭೋಗರು. ಬೇಲಿಯಾಚೆ ನಿಂತ ಕೇರಿಗೆ ಅವನ ತಲೆಯೊಂದೇ ಕಾಣುತ್ತಿತ್ತು. ಹುಣಸೆಮರ ಬಂತು. ಅವನು ಆಚೆಗೆ ತಿರುಗಿದ.

"ಈಗ ಬಿರೀತದೆ ನೋಡು," ರಾಚಮ್ಮ ಪಿಸುಗುಟ್ಟಿದಳು.

ಬಿರಿಯಲಿಲ್ಲ. ಮುದ್ದಯ್ಯ ಬೇಕೆಂದೇ ಎಡವಿದ. ಉಂಡೆ ಅಲುಗಿ ಮತ್ತೆ ಕೂತಿತು. ಅವನ ಕಾಲು ಮೊದಲ ಗುಡ್ಡೆಯ ಪಕ್ಕಕ್ಕೆ ಬಂತು, ಎರಡನೆಯದನ್ನು ದಾಟಿತು. ಮಣ್ಣು ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿತ್ತು.

"ನೋಡಿ ಸ್ವಾಮಿ, ಭೂಮ್ತಾಯೇ ಒಪ್ಕಂಡ್ಳು!" ಕರಿಯಪ್ಪ ನಕ್ಕ.

"ಬರೆದುಕೊಳ್ಳಿ," ಎಂದರು ಅಮಲ್ದಾರರು.

ಚಿಕ್ಕಸಿದ್ದಮ್ಮ ಬೇಲಿ ನುಗ್ಗಿ, ಹೂಗಿಡ ತುಳಿದುಕೊಂಡು ಓಡಿದಳು. ಗಂಡನ ತಲೆಯ ಮೇಲಿನ ಉಂಡೆಗೆ ಎರಡೂ ಕೈ ಸೇರಿಸಿ ಗುದ್ದಿದಳು. ಮಣ್ಣು ಅವನ ಹೆಗಲಿಗೆ, ಎದೆಗೆ ಚದುರಿತು.

"ಏಯ್ ಲೌಡಿ!" ಕರಿಯಪ್ಪ ಅರಚಿದ.

"ಒಡೀತು ಬುದ್ದಿ," ಎಂದಳು ಏದುಸಿರಲ್ಲಿ, ಅಮಲ್ದಾರರ ಕಡೆ ತಿರುಗಿ. "ಒಡೀತು. ಬರ್ಕಳಿ."

"ಒಡೆದೋಳು ನೀನು ಕಣೇ! ನಿನ್ನ ವಂಶ ಹಾಳಾಯ್ತದೆ!"

"ನನ್ ವಂಶ ಅಗೋ, ಅಲ್ಲಿ ಮಲಗೈತೆ. ಬಾರೋ ಗೌಡ, ಅದ್ರ ಎದೆ ಮ್ಯಾಲೆ ಬೆಂಚು ಇಕ್ಕು ಬಾ. ನೋಡ್ತೀನಿ."

ಶಾನುಭೋಗರು ಲೇಖನಿ ಎತ್ತಿ ಹಿಡಿದು ಅಮಲ್ದಾರರ ಮುಖ ನೋಡಿದರು. ಕರಿಯಪ್ಪನ ಆಳುಗಳು ದೊಣ್ಣೆ ಹುಡುಕಿದರು. ಕಣ್ಣಿಗಿಳಿದ ಮಣ್ಣನ್ನು ಒರೆಸಿಕೊಳ್ಳದೆ ಮುದ್ದಯ್ಯ ಹಿಂತಿರುಗಿದ. ಹುಣಸೆಮರದ ಈಚೆಯಿಂದ, ಬರಿತಲೆಯಲ್ಲಿ, ಮತ್ತೆ ಗಡಿ ನಡೆಯತೊಡಗಿದ.