ಗಡಿಗಲ್ಲಿನಾಚೆಯ ಹುಲ್ಲು

ಕುರಾಸಾಕಿಯಿಂದ ಒನಾಮಿಗೆ ಕಡಲಂಚಿನ ಕಡಿದಾದ ಬಂಡೆಗಳ ನೆತ್ತಿಯ ಮೇಲೆ ಹೋಗುವ ಕಾಲುದಾರಿ ಮುಕ್ಕಾಲು ಗಂಟೆಯ ನಡಿಗೆ. ಸುರಂಗ ಕೊರೆದ ಮೇಲೆ ಅದನ್ನು ತುಳಿಯುವವರಿಲ್ಲ. ಕಾರಿನಲ್ಲಿ ಮೂರು ನಿಮಿಷಕ್ಕೆ ಆಚೆ ಊರು ಸೇರಬಹುದಾದರೆ ಏರಿಳಿತದ ದಾರಿಯಲ್ಲಿ ಮೊಣಕಾಲು ಸವೆಸುವವರು ಯಾರು? ಆದರೂ ವರ್ಷಕ್ಕೊಮ್ಮೆ, ಆಗಸ್ಟ್ ಒಂದರಂದು, ಎರಡೂ ಊರಿನವರು ಕುಡುಗೋಲು ಹಿಡಿದು ಹೊರಡುತ್ತಿದ್ದರು. ಹದಿಮೂರಕ್ಕೆ ಬೊನ್ ಹಬ್ಬ, ಸತ್ತವರು ಮನೆಗೆ ಬರುವ ದಿನ. ಅವರು ಸುರಂಗದಲ್ಲಿ ಬರುವುದಿಲ್ಲ. ತಮಗೆ ಗೊತ್ತಿದ್ದ ದಾರಿಯಲ್ಲೇ ಬರುತ್ತಾರೆ. ಕುರಾಸಾಕಿಯವರು ಈ ಕಡೆಯಿಂದ, ಒನಾಮಿಯವರು ಆ ಕಡೆಯಿಂದ ಹುಲ್ಲು ಕೊಯ್ಯುತ್ತ ಬಂದು ನಡುವಿನ ಗಡಿಗಲ್ಲಿನ ಬಳಿ ಸೇರುವುದು, ಅಲ್ಲೇ ಕೂತು ಬುತ್ತಿ ಬಿಚ್ಚುವುದು ರೂಢಿ. ಒಂದು ಊರಿನ ಕುಡುಗೋಲು ಕಲ್ಲು ದಾಟಿ ಇನ್ನೊಂದು ಊರಿನ ಹುಲ್ಲು ಮುಟ್ಟಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಈ ಸಲ ಕುರಾಸಾಕಿಯಿಂದ ಹೊರಟವರು ನಾಲ್ಕೇ ಜನ. ಹೆಗಲಿಗೆ ಹುಲ್ಲು ಕತ್ತರಿಸುವ ಮೆಷಿನ್ ತಗುಲಿಸಿಕೊಂಡ ಊರಿನ ಮುಖ್ಯಸ್ಥ ಇವಾಕಿಚಿ, ಮೀನು ಒಣಗಿಸುವ ಅಂಗಳದ ಹಿಸಾನೊ, ಮಾತೇ ಆಡದ ಅವಳ ಗಂಡ, ಮತ್ತು ಐವತ್ತೆಂಟರ ಕಿನುಯೊ. ಹತ್ತೂವರೆಗೆ ಗಡಿಗಲ್ಲು ಸಿಕ್ಕಿತು. ಅದರಾಚೆಗೆ ಹುಲ್ಲು ಎದೆಯೆತ್ತರ ನಿಂತಿತ್ತು. ಕುಜು ಬಳ್ಳಿ ದಾರಿಯ ಗುರುತೇ ಇಲ್ಲದಂತೆ ಹಬ್ಬಿತ್ತು. ಮನುಷ್ಯರ ಸುಳಿವಿಲ್ಲ.

"ಒನಾಮಿಯೋರು ಇನ್ನೂ ಎದ್ದಿಲ್ಲ ಅನ್ಸುತ್ತೆ," ಎಂದ ಇವಾಕಿಚಿ.

"ನಿಮ್ಮ ಮೆಷಿನ್ ಸದ್ದು ಕೇಳಿ ಓಡಿಹೋಗಿರ್ತಾರೆ ಕಣ್ರೀ," ಎಂದಳು ಹಿಸಾನೊ. "ನನ್ನ ಹಲ್ಲೇ ಅಲ್ಲಾಡ್ತಾ ಇವೆ."

"ಅಲ್ಲಾಡೋಕೆ ಎಷ್ಟು ಉಳಿದಿವೆ?"

"ನಿಮ್ಮನ್ನ ಕಚ್ಚೋಕೆ ಸಾಕಾಗುವಷ್ಟು."

ಮಧ್ಯಾಹ್ನದವರೆಗೆ ಕಾದರು. ಅನ್ನದುಂಡೆ ತಿಂದು, ಮೂಲಂಗಿ ಉಪ್ಪಿನಕಾಯಿಯ ಡಬ್ಬಿ ಮುಚ್ಚಿದ ಮೇಲೆ ಇವಾಕಿಚಿ ಕತ್ತು ಕೆರೆದುಕೊಂಡ.

"ಮೊನ್ನೆ ಅವರ ಮುಖ್ಯಸ್ಥ ಸಿಕ್ಕಿದ್ದ. ಈ ವರ್ಷದಿಂದ ಬೇಡ ಅಂತ ಸಭೇಲಿ ತೀರ್ಮಾನ ಆಯ್ತಂತೆ. ಇರೋದು ಹನ್ನೊಂದು ಮನೆ, ಎಲ್ಲರಿಗೂ ಸೊಂಟನೋವು. ಹೇಳೋಣ ಅಂತಿದ್ದೆ, ಮರೆತೆ."

"ಮರೆಯೋ ವಿಷಯಾನಾ ಇದು? ಇವಳ ಗಂಡ ಹೋದ ಮೇಲೆ ಮೊದಲನೇ ಬೊನ್," ಎಂದಳು ಹಿಸಾನೊ, ಧ್ವನಿ ತಗ್ಗಿಸಿ.

"ನಮ್ಮ ಕಡೇದು ಆಯ್ತಲ್ಲ. ಅಷ್ಟಕ್ಕೂ ಸತ್ತೋರಿಗೆ ಹುಲ್ಲು ಅಡ್ಡ ಬರುತ್ತಾ?"

"ಅಡ್ಡ ಬರಲ್ಲ ಅಂದ್ರೆ ನೀವ್ಯಾಕೆ ಕೊಯ್ದ್ರಿ?" ಎಂದು ಕೇಳಿದಳು ಕಿನುಯೊ.

ಇವಾಕಿಚಿ ಮೆಷಿನ್ನಿನ ಪಟ್ಟಿ ಸರಿಮಾಡಿಕೊಂಡ.

ಕಿನುಯೊಳ ಗಂಡ ಯೋಸಾಕು ಒನಾಮಿಯವನು. ಅವಳ ತಂದೆಗೆ ಗಂಡುಮಕ್ಕಳಿರಲಿಲ್ಲವಾಗಿ ಮೂವತ್ತನಾಲ್ಕು ವರ್ಷದ ಹಿಂದೆ ಮನೆಅಳಿಯನಾಗಿ ಬಂದಿದ್ದ, ಇದೇ ದಾರಿಯಲ್ಲಿ, ಹೊಸ ಬೂಟನ್ನು ಕೈಯಲ್ಲಿ ಹಿಡಿದುಕೊಂಡು. ಸುರಂಗದ ಹೊಗೆ ಅವನಿಗೆ ಆಗುತ್ತಿರಲಿಲ್ಲ. ಒನಾಮಿಯಲ್ಲಿದ್ದ ಅಣ್ಣ ತೊಕುಜೊನನ್ನು ನೋಡಲು ಯಾವಾಗಲೂ ನಡೆದೇ ಹೋಗುತ್ತಿದ್ದ. ಕಳೆದ ಜನವರಿಯ ಒಂದು ಬೆಳಿಗ್ಗೆ ತೊಕುಜೊ ಫೋನ್ ಮಾಡಿ, ಕಡಲು ಶಾಂತವಾಗಿದೆ, ಬಂಡೆಯ ಮೇಲಿನ ತಿನ್ನುವ ಪಾಚಿ ಕೆರೆಯೋಣ ಬಾ ಎಂದ. ಫೋನ್ ಎತ್ತಿದ್ದ ಕಿನುಯೊ, ಇವರಿಗೆ ನೆಗಡಿ ಎಂದಳು. ಯೋಸಾಕು ನಗುತ್ತ ಬುಟ್ಟಿ ತಗೊಂಡು ಹೊರಟ. ಅಲೆ ಅವನನ್ನು ಒನಾಮಿಯ ಬಂಡೆಯಿಂದ ಎಳೆದುಕೊಂಡು ಮೂರನೆಯ ದಿನ ಹಿಂದಕ್ಕೆ ಕೊಟ್ಟಿತು. ಶವಸಂಸ್ಕಾರದ ದಿನ ತೊಕುಜೊ ಹಿಂದಿನ ಸಾಲಿನಲ್ಲಿ ಕೂತಿದ್ದು ಊಟಕ್ಕೆ ಮೊದಲೇ ಎದ್ದುಹೋದ. ನಲವತ್ತೊಂಬತ್ತನೆಯ ದಿನದ ಕರ್ಮಕ್ಕೆ ಬರಲೇ ಇಲ್ಲ. ಅವಳೂ ಕರೆಯಲಿಲ್ಲ.

ನಡೆದುಕೊಂಡು ಹೋದವನು ನಡೆದುಕೊಂಡೇ ಬರಬೇಕು. ಅರ್ಧ ದಾರಿ ಹುಲ್ಲಿನಲ್ಲಿ ಮುಚ್ಚಿದ್ದರೆ ಎಲ್ಲಿ ನಿಲ್ಲುತ್ತಾನೆ? ಮೊದಲ ವರ್ಷ ದಾರಿ ತಪ್ಪಿದವರು ಆಮೇಲೆ ಬರುವುದಿಲ್ಲವೆಂದು ಅವಳ ಅಜ್ಜಿ ಹೇಳುತ್ತಿದ್ದಳು. ಅಜ್ಜಿಯ ಮಾತನ್ನು ಕಿನುಯೊ ಅಷ್ಟಾಗಿ ನಂಬಿದವಳಲ್ಲ. ಆದರೆ ಏಳು ತಿಂಗಳಿಂದ ಮನೆಯಲ್ಲಿ ಅವಳಲ್ಲದೆ ಯಾರೂ ಚಪ್ಪಲಿ ಬಿಟ್ಟಿರಲಿಲ್ಲ. ಅಂಥ ಮನೆಯಲ್ಲಿ ಕೂತು ನಂಬದಿರುವುದು ಕಷ್ಟವಾಗಿತ್ತು.

ಮರುದಿನ ಬೆಳಕು ಹರಿಯುವಾಗ ಅವಳು ಒಬ್ಬಳೇ ಗಡಿಗಲ್ಲಿನ ಹತ್ತಿರ ಬಂದಳು. ತಲೆಗೆ ಸುತ್ತಿದ ಬಟ್ಟೆ ಬಿಗಿ ಮಾಡಿದಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು, ಕದಿಯಲು ಬಂದವಳ ಹಾಗೆ. ಆಮೇಲೆ ಬಗ್ಗಿ ಆಚೆಯ ಹುಲ್ಲಿನ ಮೊದಲ ಹಿಡಿ ಕೊಯ್ದಳು.

ಬಳ್ಳಿಗಳು ಒಂದಕ್ಕೊಂದು ಹೆಣೆದುಕೊಂಡು ಕುಡುಗೋಲಿಗೆ ಜಗ್ಗುತ್ತಿರಲಿಲ್ಲ. ಬೆಳಿಗ್ಗೆ ಮೂರು ತಾಸು ಕೆಲಸ ಮಾಡಿದರೆ ಐವತ್ತು ಹೆಜ್ಜೆ ಸಾಗುತ್ತಿತ್ತು. ಬಿಸಿಲೇರಿದರೆ ಬಂಡೆ ಕಾದು ಕೂರಲಾಗುತ್ತಿರಲಿಲ್ಲ. ಕೆಳಗೆ ಅಲೆಗಳು ಗವಿಗಳಿಗೆ ನುಗ್ಗಿ ಉಸಿರು ಬಿಟ್ಟ ಹಾಗೆ ಹಿಂದೆ ಸರಿಯುತ್ತಿದ್ದವು. ಹದ್ದೊಂದು ಅವಳ ಎತ್ತರಕ್ಕೇ ತೇಲುತ್ತಿತ್ತು. ಎರಡನೆಯ ದಿನ ಮಂಜು ಬಂದು ಕಡಲೂ ಕಾಣದಾಯಿತು. ಮೂರನೆಯ ದಿನ ಅವಳು ತಾನು ಬಳ್ಳಿಯ ಜೊತೆ ಮಾತಾಡುತ್ತಿರುವುದನ್ನು ಕೇಳಿಸಿಕೊಂಡು ಬಾಯಿ ಮುಚ್ಚಿದಳು.

ನಾಲ್ಕನೆಯ ಬೆಳಿಗ್ಗೆ ಮುಂದಿನ ಹುಲ್ಲಿನೊಳಗಿಂದ ಕಲ್ಲಿಗೆ ಕಬ್ಬಿಣ ಮಸೆಯುವ ಸದ್ದು ಕೇಳಿತು. ಹುಲ್ಲು ಅಲುಗಿತು. ಬಿದಿರಿನ ಟೋಪಿ ಹಾಕಿದ ಮುದುಕ ಹೊರಬಂದ. ತೊಕುಜೊ. ಅರ್ಧ ವರ್ಷದಲ್ಲಿ ಕೆನ್ನೆ ಒಳಗೆ ಹೋಗಿ ಯೋಸಾಕುವಿನ ಕಿವಿಗಳಂಥವೇ ಆ ಕಿವಿಗಳು ಇನ್ನೂ ದೊಡ್ಡದಾಗಿ ಕಾಣುತ್ತಿದ್ದವು. ಅವಳ ಬೆನ್ನ ಹಿಂದೆ ಕಲ್ಲಿನವರೆಗೂ ಬಯಲಾಗಿದ್ದ ದಾರಿಯನ್ನು ನೋಡುತ್ತ ನಿಂತ.

"ಇದು ನಮ್ಮೂರಿನ ಹುಲ್ಲು," ಎಂದ.

"ಗೊತ್ತು ಬಾವ."

"ಗೊತ್ತಿದ್ದೂ ಕೊಯ್ದೆ."

"ಸಭೇಲಿ ಬೇಡ ಅಂದ್ರಂತೆ. ಒಂದನೇ ತಾರೀಕು ಮಧ್ಯಾಹ್ನದವರೆಗೂ ಕಾದ್ವಿ. ಯಾರೂ ಬರ್ಲಿಲ್ಲ."

"ಬೇಡ ಅಂದೋರು ಅವರು. ನಾನು ಅಂದ್ನಾ? ಅವತ್ತು ಬಂದಿದ್ರೆ ನಿಮ್ಮೂರೋರು ಕಲ್ಲಿನ ಹತ್ರ ಕೂತ್ಕೊಂಡು ನನ್ನ ಮುಖ ನೋಡ್ತಾ ಅನ್ನ ತಿಂತಿದ್ರು. ಎಲ್ಲ ಮುಗೀಲಿ, ಆಮೇಲೆ ಒಬ್ಬನೇ ಕೊಯ್ಯೋಣ ಅಂತ ಸುಮ್ನಿದ್ದೆ."

ಕಿನುಯೊ ಕುಡುಗೋಲಿಗೆ ಅಂಟಿದ ಹುಲ್ಲನ್ನು ಒರೆಸಿದಳು.

"ಮನೆಅಳಿಯ ಆಗಿ ಹೋದೋನು," ಎಂದ ತೊಕುಜೊ, ಕುಡುಗೋಲಿನ ಹಿಡಿಯನ್ನು ನೋಡುತ್ತ. "ಸಮಾಧಿ ನಿಮ್ಮದು. ದೀಪ ನಿಮ್ಮದು. ಎಡೆ ಇಡೋದೂ ನಿಮ್ಮನೇಲೇ. ನನ್ನ ಕೈಲಿ ಅವನಿಗೆ ಅಂತ ಮಾಡೋಕೆ ಇದ್ದದ್ದು ಈ ಅರ್ಧ ದಾರಿ ಒಂದೇ. ಅದನ್ನೂ ನೀನೇ ಮಾಡಿ ಮುಗಿಸ್ತಾ ಇದೀಯ."

ಕೊಯ್ದ ಹುಲ್ಲನ್ನು ಮತ್ತೆ ನೆಡಲಾಗುವುದಿಲ್ಲ. ಕಿನುಯೊ ಹಿಂದೆ ತಿರುಗಿ ನೋಡಿದಳು. ನಾಲ್ಕು ದಿನ ತನ್ನದೆಂದುಕೊಂಡ ಆ ನೂರೈವತ್ತು ಹೆಜ್ಜೆಗಳು ಈಗ ಬೇರೆಯವರ ಮನೆಯ ಪೆಟ್ಟಿಗೆ ಬಿಚ್ಚಿಟ್ಟ ಹಾಗೆ ಕಂಡವು. ಕ್ಷಮೆ ಕೇಳಬೇಕು ಅನ್ನಿಸಿತು. ಕೇಳಿದ್ದು ಬೇರೆ.

"ಅವರು ಏನಾದ್ರೂ ಹೇಳಿದ್ರಾ? ಕೊನೇಲಿ?"

ತೊಕುಜೊ ಟೋಪಿ ತೆಗೆದ. "ಏನೂ ಇಲ್ಲ. ನನ್ನ ಕಡೆ ಬೆನ್ನು ಮಾಡ್ಕೊಂಡು ಪಾಚಿ ಕೆರೀತಿದ್ದ. ಮೂಗು ಸೀಟಿದ. ನೆಗಡಿ ಅಂತಿದ್ಯಲ್ಲ ನೀನು. ನಾನು ನಕ್ಕೆ. ತಿರುಗಿ ನೋಡೋ ಹೊತ್ತಿಗೆ ಬುಟ್ಟಿ ಮಾತ್ರ ಇತ್ತು."

ಅಷ್ಟೇ. ಏಳು ತಿಂಗಳು ಅವಳು ಇನ್ನೂ ಏನೋ ಇದೆ, ಇವನು ಬಚ್ಚಿಟ್ಟಿದ್ದಾನೆ ಎಂದುಕೊಂಡಿದ್ದಳು. ಇನ್ನೇನೂ ಇರಲಿಲ್ಲ. ಅವಳು ಕುಡುಗೋಲಿನ ಬಾಯಿಗೆ ಬಟ್ಟೆ ಸುತ್ತಿದಳು.

"ಉಳಿದದ್ದು ನೀವೇ ಮಾಡಿ ಬಾವ."

"ಉಳಿದದ್ದಂತೆ." ತೊಕುಜೊ ಅವಳನ್ನು ದಾಟಿ ಬಂದು ಅವಳು ಕೊಯ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತ. ಕೂಳೆಗಳನ್ನು ಬೆರಳಿನಿಂದ ಮುಟ್ಟಿದ. "ಇದೊಂದು ಕೊಯ್ಲಾ? ಗೇಣುದ್ದ ಬಿಟ್ಟಿದೀಯ. ಕುರಾಸಾಕಿಯೋರಿಗೆ ಬಗ್ಗೋದೇ ಗೊತ್ತಿಲ್ಲ. ಅವನು ಬರಿಗಾಲಲ್ಲಿ ಬರೋನು."

"ಬೂಟು ಇತ್ತಲ್ಲ ಅವರಿಗೆ."

"ಬೂಟು ಕೈಲಿ ಹಿಡ್ಕೊಳ್ಳೋದಕ್ಕೆ ಇಟ್ಟಿದ್ದ."

ಇಬ್ಬರೂ ನಗಲಿಲ್ಲ. ಅವನು ಕುಡುಗೋಲನ್ನು ನೆಲಕ್ಕೆ ತಾಗಿಸಿ ಕೂಳೆಗಳನ್ನು ಬುಡದಿಂದ ಸವರತೊಡಗಿದ. ಒಂದು ಹಿಡಿ, ಇನ್ನೊಂದು ಹಿಡಿ, ಅವಳು ಮಾಡಿದ್ದನ್ನೆಲ್ಲ ಮೊದಲಿನಿಂದ.

"ಹದಿಮೂರಕ್ಕೆ ಮನೆಗೆ ಬರ್ತೀರಾ?"

"ನೋಡೋಣ," ಎಂದ, ತಲೆಯೆತ್ತದೆ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಾಯಿತು.

ಅವಳು ನಿಂತಿದ್ದರೆ ಅವನ ಕೈ ತಡವರಿಸುತ್ತಿತ್ತು. ಅದನ್ನು ಕಂಡು ಕಿನುಯೊ ಹೊರಟಳು. ಗಡಿಗಲ್ಲು ದಾಟಿದ ಮೇಲೆ ಒಮ್ಮೆ ನಿಂತಳು. ಸವರುವ ಸದ್ದು ಕೇಳುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ಅಲ್ಲೇ ಕೂತರೆ ಕಾದ ಹಾಗಾಗುತ್ತಿತ್ತು. ಅವನಿಗೆ ಅದು ಬೇಕಿರಲಿಲ್ಲ. ತನಗೆ ಬೇಕೋ ಏನೋ, ತಿಳಿಯಲಿಲ್ಲ. ತಿರುವಿನ ಹತ್ತಿರ ಬರುವಷ್ಟರಲ್ಲಿ ಕಡಲಿನ ಸದ್ದೊಂದೇ ಉಳಿಯಿತು. ಕೆಳಗೆ ಕುರಾಸಾಕಿಯ ಹೆಂಚುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹಬ್ಬಕ್ಕೆ ಇನ್ನೂ ಎಂಟು ದಿನವಿತ್ತು. ಆ ಎಂಟು ದಿನಕ್ಕೆ ಅವಳಿಗೆ ಕೆಲಸವಿರಲಿಲ್ಲ.